ಮೂರು ಮಡಿಕೆಯ ಕಾರ್ಡು

ಮುಳಬಾಗಿಲ ಬಸ್‌ಸ್ಟ್ಯಾಂಡಿನ ಹಿಂದೆ
ಜೆರಾಕ್ಸ್ ಅಂಗಡಿಯ ಜಗಲಿಯಲ್ಲಿ ನನ್ನದೊಂದು ಮೇಜು.
ಸೋಸಿದ ಕೆಮ್ಮಣ್ಣು, ಬೇವಿನ ಅಂಟು,
ಹರಳೆಣ್ಣೆ ದೀಪದ ಕಾಡಿಗೆ,
ಅಳಿಲಬಾಲದ್ದು ಎಂದು ನಂಬಿಸಿ ಯಾರೋ ಮಾರಿದ ಕುಂಚ.

ಮಾದರಿಗೆ ಆವಣಿ ದಾರಿಯ ಒಂದು ಕೆರೆ ಏರಿಗೆ ಹೋಗುತ್ತೇನೆ.
ಅಲ್ಲೊಂದು ವೀರಗಲ್ಲು ವಾಲಿಕೊಂಡಿದೆ,
ಬೆನ್ನಿಗೆ ಬೆರಣಿ.
ಕೆಳಗಿನ ಮನೆಯಲ್ಲಿ ದನ, ಬಾಣ, ಬಿದ್ದವನೊಬ್ಬ.
ನಡುವೆ ಇಬ್ಬರು ಹೆಂಗಸರು ಅವನ ತೋಳಿಗೆ ತೋಳು ಕೊಟ್ಟು
ಮೇಲೆತ್ತುತ್ತಿದ್ದಾರೆ.
ಮೇಲೆ, ಲಿಂಗದೆದುರು ಕಾಲು ಮಡಚಿ ಕೂತಿದ್ದಾನೆ
ಏನೂ ಆಗದವನ ಹಾಗೆ.
ಹೆಸರು ಕೆತ್ತಿದ್ದ ಕಡೆ ಕುಡುಗೋಲು ಮಸೆದೂ ಮಸೆದೂ
ಅಂಗೈಯಷ್ಟು ನುಣುಪು.

ಮೂರು ಮನೆ. ಕಾಗದಕ್ಕೂ ಮೂರೇ ಮಡಿಕೆ.

‘ಸತ್ತವನ ಕಲ್ಲು ತಂದು ಹುಟ್ಟಿದಹಬ್ಬಕ್ಕೆ ಮಾರ್ತೀಯಲ್ಲಮ್ಮಣ್ಣಿ’
ಎನ್ನುತ್ತಾನೆ ಜೆರಾಕ್ಸಿನ ಅಶ್ವತ್ಥರೆಡ್ಡಿ.
ಅದಕ್ಕೇ ಕೊಂಚ ಮೋಸ ಮಾಡುತ್ತೇನೆ:
ಬಾಣದ ಜಾಗದಲ್ಲಿ ಹೊಂಗೆಹೂವು,
ಮದುವೆಗಾದರೆ ಚಾಮರದ ಹೆಣ್ಣುಗಳಷ್ಟೇ,
ಪಾಸಾದ ಮಕ್ಕಳಿಗೆ ಕುದುರೆ.
ದನಗಳನ್ನು ಮಾತ್ರ ಯಾವುದರಿಂದಲೂ ತೆಗೆಯುವುದಿಲ್ಲ.
ಒಂದೊಂದರ ಕಿವಿ ಒಂದೊಂದು ಥರ, ಕಲ್ಲಿನಲ್ಲಿದ್ದ ಹಾಗೇ.

ಮೊನ್ನೆ ನಾರೆಮ್ಮ ಬಂದಳು,
ಮಂಡಿಯಲ್ಲಿ ಟೊಮೆಟೊ ಆರಿಸಿದ ಬೆರಳು ಇನ್ನೂ ಹಸಿರು.
‘ನಮ್ಮ ಕರ ಬಾವಿಗೆ ಬಿತ್ತು.
ಪಕ್ಕದ ಮನೆ ಮುನಿಶಾಮಿ ಇಳಿದು ಎತ್ತಿಕೊಟ್ಟ,
ತಾನು ಜಾರಿ ಕಾಲು ಮುರಕಂಡ.
ಕೋಲಾರದ ದೊಡ್ಡಾಸ್ಪತ್ರೇಲವ್ನೆ.
ಬೇಗ ಎದ್ದು ಬಾ ಅಂತ ಬರ್ಕೊಡು.
ಅವನಿಗೆ ಓದು ಅಷ್ಟಕ್ಕಷ್ಟೆ, ಬೊಮ್ಮೆ ದೊಡ್ಡದಿರಲಿ.’

ಕೆಳಗೆ ಬಾವಿ ಬರೆದೆ, ಬಾವಿಯೊಳಗೆ ನಾಲ್ಕು ಕಾಲು, ಎರಡು ಕಾಲು.
ನಡುವೆ ಹಗ್ಗ ಹಿಡಿದ ಇಬ್ಬರು ಹೆಂಗಸರು.
‘ಈ ದಪ್ಪಗಿರೋಳು ನಾನಾ?’ ಅಂದಳು.
ಸೀರೆಗೆ ಕೆಮ್ಮಣ್ಣು ತುಂಬಿದೆ.
ಮೇಲಿನ ಮನೆಗೆ ಬಂದಾಗ ಕುಂಚ ನಿಂತಿತು.

ಅಲ್ಲಿ ಕೂತವರು ಯಾರೂ ಎದ್ದು ಬಂದಿಲ್ಲ.
ಸಾವಿರ ವರ್ಷದಿಂದ ನೋಡುತ್ತಿದೆ ಆ ಕೆರೆ.

ಲಿಂಗದ ಬದಲು ಮಂಚ ಬರೆಯಲೇ ಅಂದುಕೊಂಡೆ,
ಸುಣ್ಣದಲ್ಲಿ ಪಟ್ಟಿ ಕಟ್ಟಿದ ಕಾಲು, ಕೈಯಲ್ಲಿ ಟೀ ಲೋಟ.
ಆದರೂ ಅದು ಆ ಮನೆಯೇ ತಾನೆ.
ರೆಡ್ಡಿಯ ಕತ್ತರಿ ಇಸಕೊಂಡು
ಮೂರನೆಯ ಮಡಿಕೆಯನ್ನು ಗೆರೆಗುಂಟ ಕತ್ತರಿಸಿಬಿಟ್ಟೆ.

ನಾರೆಮ್ಮ ಕಾರ್ಡು ತಿರುವಿ ಮುರುವಿ ನೋಡಿದಳು,
ಸೆರಗಿನ ಗಂಟು ಬಿಚ್ಚಿ ಹತ್ತು ರೂಪಾಯಿ ಹಿಂದಕ್ಕೆ ಇಟ್ಟುಕೊಂಡಳು:
‘ಒಂದು ಮನೆ ಕಮ್ಮಿ ಐತಲ್ಲ.’

ಕೊಟ್ಟಷ್ಟು ತಗೊಂಡೆ.