ಅಕ್ಟೋಬರಿನ ಬುಕಿಂಗ್

ಅಕ್ಟೋಬರ್ ಒಂಬತ್ತು. ಕಿಟಕಿಯಾಚೆ
ಏಳನೇ ನಂಬರಿನ ಸ್ಕೀ ಹಾದಿಯಲ್ಲಿ
ಮಾವ ಪೈದರನ ಕಂದು ಹಸು
ಕೊನೆಯ ಹುಲ್ಲು ಮೇಯುತ್ತಿದೆ.
ನನ್ನ ಮೇಜಿನ ಮೇಲೆ ಫೆಬ್ರವರಿ.

ರಾಟರ್‌ಡ್ಯಾಮಿನ ವಕೀಲರು ಮಕ್ಕಳಿಬ್ಬರ
ಬೂಟಿನ ಅಳತೆ ಕಳಿಸಿದ್ದಾರೆ. ಈಗಿನದು.
ಅಷ್ಟರಲ್ಲಿ ಪಾದ ಬೆಳೆದರೆ
ಹೊಣೆ ಹೋಟೆಲಿನದೇ ಎಂದು ಕೇಳಿದ್ದಾರೆ.
ಮಿಲಾನಿನ ಮೇಡಂ ನಾಯಿಗೊಂದು ಹಾಸಿಗೆ,
ಉಣ್ಣೆಯದು ಬೇಡ, ಅದಕ್ಕೆ ಕೆರೆತ.
ಇನ್ನೊಬ್ಬರಿಗೆ ಬೆಟ್ಟ ಕಾಣುವ ಕೋಣೆ,
ಆದರೆ ಬೆಳಗಿನ ಬಿಸಿಲು ಬರಕೂಡದು.
ಬೆಟ್ಟ ಇರುವುದೇ ಪೂರ್ವಕ್ಕೆ ಎಂದು ಹೇಗೆ ಬರೆಯಲಿ?
ಪ್ರಯತ್ನಿಸುತ್ತೇವೆ, ಎಂದು ಬರೆದೆ.
ಈ ಮೇಜು ನನಗೆ ಕಲಿಸಿದ ಮೊದಲ ಮಾತು.

ಕೊನೆಗೆ ಎಲ್ಲರದೂ ಅದೇ ಪ್ರಶ್ನೆ,
ಸಹಿಗೆ ಮುಂಚೆ, ಸ್ವಲ್ಪ ನಾಚಿಕೊಂಡಂತೆ:
ಹಿಮ ಇರುತ್ತದಲ್ಲ?

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದೇ
ನಮ್ಮೂರ ಕಸುಬು.
ಒಂದು ಕಾಲಕ್ಕೆ ಕೂಸು ತಾನೇ ಬರುತ್ತಿತ್ತು,
ಸಂತ ಮಾರ್ಟಿನನ ಹಬ್ಬದ ಆಸುಪಾಸು, ಹೇಳದೆ ಕೇಳದೆ,
ಬಾಗಿಲ ಅರ್ಧದವರೆಗೆ.
ಈಗ ಸೂಲಗಿತ್ತಿಯರನ್ನು ಸಾಲಾಗಿ ನಿಲ್ಲಿಸಿದ್ದೇವೆ:
ಹಳದಿ ಫಿರಂಗಿಗಳು, ಎಪ್ಪತ್ತೆರಡು.
ಸೊನ್ನೆಗಿಂತ ಮೂರು ಡಿಗ್ರಿ ಕೆಳಗಿಳಿದ ರಾತ್ರಿ
ಕೆರೆಯ ನೀರು ಕುಡಿದು ಬೆಳ್ಳಗೆ ಉಗುಳುತ್ತವೆ.
ತಮ್ಮ ಕುರ್ದಿನ್ ಅವಕ್ಕೆ ಕಾವಲು.
ಇದೇ ಇಳಿಜಾರಲ್ಲಿ ಅಜ್ಜ
ಉದ್ದ ಹಿಡಿಯ ಕುಡುಗೋಲು ಬೀಸಿದವನು,
ಜಾರದಂತೆ ಪಾದಕ್ಕೆ ಕಬ್ಬಿಣದ ಮುಳ್ಳು ಕಟ್ಟಿಕೊಂಡು.
ಜಾರಲೆಂದೇ ದುಡ್ಡು ಕೊಡುವವರನ್ನು ಕಂಡಿದ್ದರೆ
ಏನೆನ್ನುತ್ತಿದ್ದನೋ.

ಒಂದು ವಾರದ ಲೆಕ್ಕ ಹಾಕುತ್ತೇನೆ:
ಕೋಣೆ, ಲಿಫ್ಟಿನ ಪಾಸು, ಖಾಸಗಿ ಮಾಸ್ತರ,
ಎರಡು ಸಂಜೆ ಗುಡಿಸಲಿನಲ್ಲಿ ಕರಗಿದ ಚೀಸು.
ಗುಡಿಸಲೆಂದರೆ ಅಜ್ಜನ ಹುಲ್ಲಿನ ಕೊಟ್ಟಿಗೆ,
ಈಗ ಒಳಗೆ ಚರ್ಮದ ಸೋಫಾ.
ಮೊತ್ತ, ನನ್ನ ಐದು ತಿಂಗಳ ಸಂಬಳ.
ಸೊನ್ನೆಗಳನ್ನು ಎರಡು ಸಲ ಎಣಿಸಿ ಕಳಿಸುತ್ತೇನೆ.
ಹೊಟ್ಟೆಕಿಚ್ಚಿಲ್ಲ.
ಇದೆ. ಊಟದ ಹೊತ್ತಿಗೆ ಆರುತ್ತದೆ.
ನನ್ನ ಸ್ಕೀ ಏಪ್ರಿಲಿನಲ್ಲಿ, ಅತಿಥಿಗಳೆಲ್ಲ ಹೋದ ಮೇಲೆ,
ಮಧ್ಯಾಹ್ನಕ್ಕೆ ಅಂಬಲಿಯಾಗುವ ಹಿಮದಲ್ಲಿ,
ಕುರ್ದಿನನ ಹಳೆ ಬೂಟು, ತುದಿಗೆ ಕಾಲುಚೀಲ ತುರುಕಿ.

ಇನ್ನೂರ ಹದಿನಾಲ್ಕನೇ ಕೋಣೆಯ ಪತ್ರ ಮಾತ್ರ
ಪ್ರತಿವರ್ಷ ಅಂಚೆಯಲ್ಲೇ ಬರುತ್ತದೆ, ನೀಲಿ ಶಾಯಿಯಲ್ಲಿ.
ಗೆಂಟ್ ಪಟ್ಟಣದ ಗೊಡಲೀವ್ ಅಜ್ಜಿ.
ಮೂವತ್ತೆಂಟು ಚಳಿಗಾಲ, ಅದೇ ವಾರ, ಅದೇ ಕೋಣೆ.
ಈ ಸಲ ಬರೆದಿದ್ದಾರೆ:
ಸ್ಕೀ ಬೇಡ, ಪಾಸು ಬೇಡ. ಮೊಣಕಾಲು ಬದಲಾಯಿಸಿದ್ದಾರೆ,
ಹೊಸದಕ್ಕೆ ಬೆಟ್ಟದ ಪರಿಚಯವಿಲ್ಲ.
ನನ್ನವರು ಹೋಗಿ ಆರು ತಿಂಗಳಾಯಿತು.
ಒಂದೇ ವಿಚಾರಣೆ: ಹಿಮ ಹದಮಾಡುವ ಯಂತ್ರ
ಈಗಲೂ ರಾತ್ರಿ ಎರಡೂವರೆಗೆ
ನಮ್ಮ ಕಿಟಕಿಯ ಕೆಳಗೆ ತಿರುಗುತ್ತದೆಯೇ?
ಅವರು ಅದಕ್ಕೆ ಬೈಯುತ್ತಿದ್ದರು, ಪ್ರತಿರಾತ್ರಿ,
ತಲೆಯ ಮೇಲೆ ದಿಂಬು ಒತ್ತಿಕೊಂಡು.
ಕೋಣೆ ಬದಲಿಸೋಣ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ.

ಅದನ್ನು ಓಡಿಸುವುದು ನನ್ನಪ್ಪ.
ರಾತ್ರಿ ಸೂಪು ಬಡಿಸುತ್ತ ಕೇಳಿದೆ.
ರೊಟ್ಟಿ ಅದ್ದುತ್ತಿದ್ದ.
ಹೊಸ ಯಂತ್ರ ಬಂದಿದೆ, ಕರೆಂಟಿನದು, ಬೆಕ್ಕಿನ ನಡಿಗೆ;
ದೂರು ಕೊಟ್ಟು ತರಿಸಿದ್ದು ನಿಮ್ಮ ಹೋಟೆಲೇ ತಾನೆ, ಎಂದ.
ಆಮೇಲೆ, ಬಟ್ಟಲು ಓರೆ ಮಾಡಿ,
ತಳದ ಬಾರ್ಲಿ ಚಮಚಕ್ಕೆ ಸರಿಸುತ್ತ:
ಹಳೆಯದು ಶೆಡ್ಡಿನಲ್ಲಿದೆ. ಬ್ಯಾಟರಿ ಸತ್ತಿದೆ.
ಯಾವ ವಾರ ಅಂದೆ?

ಬೆಳಿಗ್ಗೆ ಪೆನ್ನು ಹುಡುಕಿ ಉತ್ತರ ಬರೆದೆ.
ಎರಡು ಹಾಳೆ ಹರಿದೆ. ಕೊನೆಗೆ
ಪ್ರಯತ್ನಿಸುತ್ತೇವೆ, ಎಂದೇ ಬಂತು.

ಅಂಚೆಪೆಟ್ಟಿಗೆಗೆ ಹೊರಟಾಗ
ಹಸು ಇನ್ನೂ ಅಲ್ಲೇ.
ಆಕಾಶ ಕಡು ನೀಲಿ, ಗುಲಗಂಜಿಯಷ್ಟು ಮೋಡವಿಲ್ಲ.
ಅಡುಗೆಮನೆಯ ಪೋರ್ಚುಗಲ್ ಹುಡುಗ
ಕೈ ಒರೆಸಿಕೊಳ್ಳುತ್ತ ಹೊರಬಂದು
ಎಂಥ ಚೆಂದದ ದಿನ ಎಂದ.
ಊರಿಗೆ ಹೊಸಬ, ಪಾಪ.