ಪೀಪಾಯಿ ನೀರು

ಧೂಳಪ್ಪ ಹೇಳಿದಂಗೇ ಮಾಡಿದ್ದೆ.
ನಳದ ನೀರು ಪೀಪಾಯಿಗೆ ತುಂಬಿ
ಎರಡು ದಿನ ಬಾಯಿ ತೆರೆದಿಟ್ಟು,
ಬ್ಲೀಚಿಂಗ್ ವಾಸನೆ ಹಾರಿಹೋದ ಮ್ಯಾಲೆ
ಶುಕ್ರವಾರ ನಮಾಜು ಮುಗಿಸಿ ಬಂದು
ಗಾಜಿನ ಪೆಟ್ಟಿಗ್ಯಾಗಿಂದ ನಾಲ್ಕು ಮಗ್ಗು ಹಳೇದು ತೆಗೆದು
ನಾಲ್ಕು ಮಗ್ಗು ಹೊಸದು ಹಾಕಿದೆ.
ಶನಿವಾರ ಮುಂಜಾನೆ ಎರಡು ಮೀನು ತೇಲಿದ್ವು.
ಮುಂದಿನ ವಾರ ಮೂರು.

ಮುಬೀನಾ ಅಳಲಿಲ್ಲ. ನೋಟುಬುಕ್ಕು ತಂದಳು.
'ಅಬ್ಬಾ, ಹಳೇ ನೀರಿನಾಗ ಬದುಕಿದ್ವು,
ಹೊಸಾ ನೀರು ಹಾಕಿದ ಮ್ಯಾಲೆ ಸತ್ವು.
ತಪ್ಪು ಮೀನಿಂದಲ್ಲ.'
ಹತ್ತನೇ ಕ್ಲಾಸು; ಮಾತು ವಕೀಲರದು.

ಮೊದಲ ಗುಮಾನಿ ಪಾರಿವಾಳದ ಮ್ಯಾಲೆ.
ಪೀಪಾಯಿ ಮ್ಯಾಲೇ ಗೂಡು, ನೀರಿನಾಗ ಒಂದು ಪುಕ್ಕ.
ಹಳೇ ದುಪಟ್ಟಾ ಬಿಗಿದು ಕಟ್ಟಿದೆವು.
ಬಾಜೂ ಮನಿ ಶಾಂತಾಬಾಯಿ ದೃಷ್ಟಿ ಅಂದು
ಲಿಂಬಿಹಣ್ಣು ಕೊಟ್ಟು ಕಳಿಸಿದಳು,
ಶರಬತ್ ಮಾಡಿ ಕುಡಿದೆವು.
ಆಮ್ಯಾಲೆ ಗುಮಾನಿ ಪೀಪಾಯಿದೇ:
ಇದರಾಗ ಮೊದಲು ಏನಿತ್ತು ಅಂತ
ಗುಜರಿ ರಶೀದಗ ಕೇಳಿದರ
'ಮಾವಿನ ಉಪ್ಪಿನಕಾಯಿ, ಖುದಾ ಕಸಂ' ಅಂದ.
ಮೂಗು ಇಟ್ಟು ನೋಡಿದೆ,
ಸಾಸಿವಿ ಇನ್ನೂ ಅಲ್ಲೇ ಕೂತಿತ್ತು.
ಉಪ್ಪು ಹಾಕಿ ತಿಕ್ಕಿ ಮೂರು ದಿನ ಮಾಳಿಗಿ ಮ್ಯಾಲೆ ಒಣಗಿಸಿದೆ,
ಬೀದರದಾಗ ಬಿಸಿಲಿಗೇನು ಬರ ಇಲ್ಲ.
ಮತ್ತ ತುಂಬಿದೆ. ಮತ್ತ ಒಂದು ಸತ್ತಿತು.

ಈ ಸಲ ಪೀಪಾಯಿ ಆಕಿನೇ ತೊಳೆದು ತುಂಬಿದಳು.
ಕಟ್ಟಿ ಮ್ಯಾಲೆ ಮೂರು ಬಾಟ್ಲಿ ಸಾಲಿಟ್ಟಳು.
ಒಂದಕ್ಕ ಕೊಡದಾಗ ಕೂತ ನಳದ ನೀರು.
ಒಂದಕ್ಕ ಪೀಪಾಯಿ ನೀರು, ಗಿಲಾಸಿಲೆ.
ಕೊನೀದಕ್ಕ ಪೀಪಾಯಿದೇ, ಮಗ್ಗಿಲೆ.
ಮೀನು ಬ್ಯಾಡ ಅಂದಳು;
ಬಾಟ್ಲಿಗೊಂದು ಬಸವನಹುಳು ಬಿಟ್ಟಳು.
ರಾತ್ರಿ ಕರೆಂಟು ಹೋಗಿತ್ತು. ಟಾರ್ಚು ಹಿಡಿದು ನೋಡಿದೆವು:
ಒಂದು ಗಾಜು ಹತ್ತಲಾಕತ್ತಿತ್ತು,
ಇನ್ನೊಂದು ಕೊಂಬು ಚಾಚಿ ನಮ್ಮನ್ನೇ ನೋಡಲಾಕತ್ತಿತ್ತು,
ಮಗ್ಗಿನ ನೀರಿಂದು
ಸಾಲ ಕೊಟ್ಟವ ಬಂದಾಗ ಮನಿ ಬಾಗಿಲು ಹಾಕಿದಂಗ
ಬಾಗಿಲು ಹಾಕ್ಕೊಂಡು ತಳಕ್ಕ ಬಿದ್ದಿತ್ತು.

'ಮಗ್ಗು ಯಾರದು?'
ಮಗ್ಗು ನಂದು.

ನಲವತ್ತು ವರ್ಷದ ಕಸಬು, ಬಿದರಿ.
ಎರಕದಿಂದ ಎದ್ದ ಹೂಜಿಗೆ ಬೂದಿ ಬಣ್ಣ,
ಅದರ ಮ್ಯಾಲೆ ಎಳೆದ ಗೆರೆ ಕಣ್ಣಿಗೆ ಹತ್ತೂದಿಲ್ಲ.
ಅದಕ್ಕ ಮೈಲುತುತ್ತ ಕಲಸಿ ಒರೆಸತೀನಿ.
ಮೈ ಕಪ್ಪಾಗತದ, ಗೆರೆ ಬೆಳ್ಳಗ ಏಳತದ.
ಕಲಸೂದು ಯಾವುದರಾಗ?
ತೊಳೀತೀನಿ ಅಂದೆ. ಸುಳ್ಳಲ್ಲ, ತೊಳೀತಿದ್ದೆ,
ಒಂದು ಸಲ ಅಲ್ಲಾಡಿಸಿ, ಚೆಲ್ಲಿ.
ಆಕಿ ಮಗ್ಗು ಬೆಳಕಿಗೆ ಹಿಡಿದಳು.
ಹಿಡಿಕಿ ಬುಡದ ಸೀಳಿನಾಗ
ನವಿಲುಗರಿಯಿಂದ ಉದುರಿದಂಗ
ಒಂದು ಚೂರು ನೀಲಿ.

ಅದರ ಮ್ಯಾಲೆ ನಾಲ್ಕು ಹನಿ ಬಿಸಿನೀರು,
ನೀರಿನಾಗ ಒಂದು ಕಬ್ಬಿಣದ ಮೊಳಿ.
ಮುಂಜಾನೆ ಮೊಳಿ ತಾಮ್ರದ ಅಂಗಿ ತೊಟ್ಟಿತ್ತು.
'ಪಾಠದಾಗ ಅದ' ಅಂದಳು, ಅಷ್ಟೇ.
ಬೈದಿದ್ದರ ಛಲೋ ಇತ್ತು.

ನನ್ನ ಮಗ್ಗಿಗೆ ಈಗ ಕೆಂಪು ದಾರ,
ಉಳಿಗಳ ಪೆಟ್ಟಿಗಿ ಬಾಜೂಕ ಅದರ ಜಾಗ.
ಮೀನಿನ ಮಗ್ಗು ಆಕಿ ಓದೂ ಮೇಜಿನ ಕೆಳಗ.
ಅದನ್ನ ನಾ ಮುಟ್ಟಂಗಿಲ್ಲ.
ಹನ್ನೊಂದರಾಗ ಉಳಿದದ್ದು ಐದು,
ಐದರಾಗ ಒಂದು ಇನ್ನೂ ಓರೆಯಾಗಿ ಈಜತದ.
ಬಸವನಹುಳು ತೊಟ್ಟಿ ನೀರಿಗೆ ಬಿಟ್ಟ ಮರುದಿನ
ಬಾಗಿಲು ತೆಗೀತು. ಅದು ದೊಡ್ಡ ಮನಸ್ಸಿಂದು.

ಹೈದರಾಬಾದಿನ ಸೇಠಗ ಪಾನದಾನಿ ಬೇಕಾಗ್ಯದ,
ಮುಚ್ಚಳದ ಮ್ಯಾಲೆ ಜೋಡಿ ಮೀನು.
ಇವತ್ತು ಕೂತೆ. ಮೈಲುತುತ್ತ ಒರೆಸಿದೆ,
ಕಪ್ಪಾಯಿತು. ಉಳಿ ಎಳೆದೆ, ಒಂದು ಬಾಲ ಎದ್ದಿತು.
ನನ್ನ ಕಣ್ಣಿಗೆ ಮೀನು ಕಾಣಬೇಕಂದರ
ಇದೇ ನೀಲಿ ಬೇಕು.

ಒಳಗಿಂದ ಮುಬೀನಾ:
'ಅಬ್ಬಾ, ಕೈ ತೊಳಕೊಂಡ್ಯಾ?'
ತೊಳಕೊಂಡೆ ಅಂದೆ.
'ಎಲ್ಲಿ?' ಅಂದಳು.