ಕಿವಿ ಮರೆಯಬೇಕಾದ್ದು

ಮಾಕುಟ್ಟದ ಚೆಕ್‌ಪೋಸ್ಟಿನಲ್ಲಿ ಪೊಲೀಸಪ್ಪ ಥರ್ಮಾಸ್ ಬಿಚ್ಚಿಸಿದ.
ಚಹಾ ಅಂದುಕೊಂಡಿದ್ದನೋ, ಬೇರೇನೋ;
ಒಳಗೆ ಬೆಚ್ಚನೆಯ ಉಪ್ಪುನೀರು,
ಇರಿಟ್ಟಿಯ ಕಸಾಯಿಖಾನೆಯಿಂದ ಬಂದ
ಎಮ್ಮೆಯ ಅಂಡಾಶಯ, ಹನ್ನೆರಡು.
ಮುಚ್ಚಳ ಅವನೇ ತಿರುಗಿಸಿ ಕೊಟ್ಟ,
ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ವಿರಾಜಪೇಟೆ ಮುಟ್ಟುವಾಗ ಮೂರೂವರೆ.

ನಮ್ಮ ಲ್ಯಾಬೆಂದರೆ ಹಿಂದೆ ಕರಿಮೆಣಸು ತುಂಬುತ್ತಿದ್ದ ಶೆಡ್ಡು,
ಈಗಲೂ ಮೂಲೆಯ ಕಪಾಟು ತೆರೆದರೆ ಒಂದು ಸೀನು ಬರುತ್ತದೆ.
ಸೂಜಿ ಹಿಡಿದಾಗ ಸೀನಬಾರದು.

ಕೂದಲೆಳೆಗಿಂತ ಸಪೂರದ ಗಾಜಿನ ಕೊಳವೆಯಲ್ಲಿ
ಅಂಡದ ತಿರುಳು ಹೀರಿ ತೆಗೆಯುತ್ತೇನೆ,
ಯಾರದೋ ಮನೆಯ ಯಜಮಾನಿಯನ್ನು ಹೊರಗಟ್ಟಿ
ಅಡುಗೆಮನೆ ಮಾತ್ರ ಉಳಿಸಿಕೊಂಡ ಹಾಗೆ.
ಆ ಖಾಲಿಗೆ ಒಂದು ಕಿವಿಯ ಕೋಶ.
ಅಮ್ಮತ್ತಿಯ ಪೊನ್ನವ್ವನ ಎಮ್ಮೆ ಚಿಕ್ಕಿಯ ಕಿವಿ, ಎಡದ್ದು,
ಜೋಳದ ಕಾಳಿನಷ್ಟು ಕತ್ತರಿಸಿ ತಂದದ್ದು.
ಚಿಕ್ಕಿ ಹೋಗಿ ವರ್ಷವಾಯಿತು. ಕಿವಿ ಮಾತ್ರ
ದ್ರವ ಸಾರಜನಕದ ಕ್ಯಾನಿನಲ್ಲಿ, ಸೊನ್ನೆಗಿಂತ ಬಹಳ ಕೆಳಗೆ,
ಕೇಳುತ್ತ ಕೂತಿತ್ತು.

ಕಿವಿಯಾಗಿರುವುದೆಂದರೇನು ಅಂತ ನಾನು ತಿಳಿದದ್ದು ಇಲ್ಲೇ:
ಬಹಳಷ್ಟನ್ನು ಹೇಳದೇ ಇರುವುದು.
ಕೊಂಬಿನ ಪಾಠ, ಕೆಚ್ಚಲಿನ ಪಾಠ, ಗೊರಸು, ಗುಂಡಿಗೆ
ಎಲ್ಲ ಇದೆ ಒಳಗೆ, ಒಂದಕ್ಷರ ಬಿಟ್ಟಿಲ್ಲ.
ಆದರೆ ಹಾಳೆಹಾಳೆಗೂ ಮಿಥೈಲಿನ ಚುಕ್ಕಿ:
ಇದ ಓದಬೇಡ, ಇದನ್ನೂ ಬೇಡ,
ಇಲ್ಲಿಂದ ಇಲ್ಲಿಗೆ ಓದು, ಸಾಕು.

ನಾಟಿಗೆ ಇಳಿಯುವ ಮೊದಲು
ನಮ್ಮಜ್ಜ ಕೋವಿ, ಒಡಿಕತ್ತಿ ಎಲ್ಲ
ಕನ್ನಿಕೊಂಬರೆಯಲ್ಲಿಟ್ಟು ಬಾಗಿಲೆಳೆಯುತ್ತಿದ್ದ.
ಕೋವಿ ಇಲ್ಲವಾಗುತ್ತಿರಲಿಲ್ಲ.
ಗದ್ದೆಗೆ ಅದರ ಮಾತು ಬೇಡ, ಅಷ್ಟೆ.
ಕೈಲ್‌ಪೊಳ್ದಿನ ಬೆಳಿಗ್ಗೆ ಹೊರಗೆ ಬರುತ್ತಿತ್ತು,
ಬಾಯಿಗೆ ತೋಕ್‌ಪೂ ಸಿಕ್ಕಿಸಿಕೊಂಡು.
ಕಿವಿಗೆ ಕೈಲ್‌ಪೊಳ್ದು ಬರುವುದೇ ಇಲ್ಲ.
ಸಾಯುವ ತನಕ ನಾಟಿ.

ಅದಕ್ಕೀಗ ಮೂರು ದಿನದೊಳಗೆ ಎಲ್ಲ ಬೀಗ ತೆಗೆ ಎನ್ನುತ್ತಿದ್ದೇನೆ.

ಒಂದು ಎರಡಾಗುತ್ತದೆ, ಎರಡು ನಾಲ್ಕು.
ಹಿಗ್ಗಬಾರದು. ಇದು ಅದರ ದುಡಿಮೆಯಲ್ಲ,
ಅಂಡದ ತಾಯಿ ಕಟ್ಟಿಟ್ಟ ಬುತ್ತಿ;
ಇರಿಟ್ಟಿಯಲ್ಲಿ ಸತ್ತವಳು ಬರೆದಿಟ್ಟ ಚೀಟಿಗಳು
ಒಂದೊಂದೇ ಓದಿಸಿಕೊಂಡು ಹರಿದುಹೋಗುತ್ತವೆ.
ಎಂಟಕ್ಕೆ ಬುತ್ತಿ ಖಾಲಿ.
ಎಂಟಕ್ಕೆ ಭ್ರೂಣ ತನ್ನ ಬಾಯಿಂದ ತಾನು ಮಾತಾಡಬೇಕು.

ಅಲ್ಲೇ ನಿಲ್ಲುತ್ತವೆ.
ಸತ್ತಂತೆಯೂ ಕಾಣುವುದಿಲ್ಲ; ದುಂಡಗೆ, ಹೊಳೆಯುತ್ತ,
ಕರೆದರೆ ಓಗೊಡದ ಮಕ್ಕಳ ಹಾಗೆ.
"ಇನ್ನೂ ಕಿವಿ ಅಂತಲೇ ತಿಳಿದಿದೆ," ಎನ್ನುತ್ತಾರೆ ನಾಚಪ್ಪ ಡಾಕ್ಟರು.
ತುಕ್ಕಿಗೆ ಎಣ್ಣೆ ಬಿಟ್ಟ ಹಾಗೆ
ಟ್ರೈಕೋಸ್ಟಾಟಿನ್ ಬಿಟ್ಟಿದ್ದೆವು, ಲೆಕ್ಕದ ತೊಟ್ಟು.
ಹೆಚ್ಚಾದರೆ ಬೇಡದ ಬಾಗಿಲೂ ತೆರೆದೀತು;
ಕ್ಲೋನಿನ ಕರು ಹುಟ್ಟಿದ್ದುಂಟು, ಮೈಗೆ ಮೀರಿದ ಮೈ,
ಹೊಕ್ಕುಳಬಳ್ಳಿ ನನ್ನ ಮಣಿಕಟ್ಟಿನಷ್ಟು ದಪ್ಪ.
ತೆರೆಯುವುದೊಂದೇ ವಿದ್ಯೆಯಲ್ಲ.

ನಲವತ್ತೊಂದರಲ್ಲಿ ಮೂವತ್ತೆಂಟು
ಎಂಟರಲ್ಲೇ ಕೂತವು.

ಪೊನ್ನವ್ವನ ಫೋನು ದಿನಾ, ಹಾಲು ಕರೆಯುವ ಹೊತ್ತಿಗೆ:
"ಎಂತಾಚಿ?"
ಕರು ಅಲ್ಲ ಅವಳಿಗೆ ಬೇಕಾದ್ದು. ಚಿಕ್ಕಿಯೇ ಬೇಕು,
ಗೇಟಿನ ಚಿಲಕ ಕೊಂಬಿನಿಂದ ಎತ್ತುತ್ತಿದ್ದ ಚಿಕ್ಕಿ.
ಆ ಚಿಲಕದ ವಿದ್ಯೆ ಯಾವ ಜೀನಿನಲ್ಲೂ ಇಲ್ಲವೆಂದು
ಮೂರು ಸಲ ಹೇಳಿದ್ದೇನೆ.
"ಇರಲಿ," ಅನ್ನುತ್ತಾಳೆ, "ಅದು ನಾನು ಕಲಿಸ್ತೇನೆ."

ಇವತ್ತು ಉಳಿದ ಮೂರರಲ್ಲಿ ಒಂದನ್ನು ಎಣಿಸಿದೆ.
ಒಂಬತ್ತು? ಹತ್ತು? ಸರಿಯಾಗಿ ಸಿಗಲಿಲ್ಲ,
ಒಂದರ ಬೆನ್ನಿಗೆ ಒಂದು ಮರೆ.
ಮತ್ತೆ ಎಣಿಸಿದೆ. ಕಪ್ಪಾಯಿತು ಗಾಜು, ನನ್ನ ಉಸಿರೇ.
ಡಿಶ್ಶನ್ನು ಬೆಚ್ಚಗೆ ಒಳಗಿಟ್ಟೆ.

ಫೋನು ಹೊಡೆಯಿತು. ಎತ್ತಲಿಲ್ಲ.
ಅದು ನಿಲ್ಲುವ ತನಕ
ಕಿವಿ ಹಿಡಿದುಕೊಂಡು ನಿಂತೆ, ನನ್ನದು, ಎಡದ್ದು.
ತಣ್ಣಗಿತ್ತು.
ಅದಕ್ಕೂ ಎಲ್ಲ ಗೊತ್ತು,
ಹೇಳುತ್ತಿಲ್ಲ.